ಚುಕ್ಕಿ ತೋರಿಸಿದ ಮನೆ

ಕಾಫಿ ಹೂವು ನಿಲ್ಲುವುದು ಮೂರೋ ನಾಲ್ಕೋ ದಿನ. ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ರೋಬಸ್ಟಾ ತೋಟ ರಾತ್ರೋರಾತ್ರಿ ಬೆಳ್ಳಗಾಗುತ್ತದೆ. ನೋಡನೋಡುತ್ತಲೇ ಎಸಳು ಕಂದಿ ಗಿಡ ಮತ್ತೆ ಮೊದಲಿನಂತಾಗುತ್ತದೆ. ಹೋದ ವರ್ಷ ಮಾರ್ಚ್‌ನಲ್ಲಿ ಸಕಲೇಶಪುರದ ಕಡೆಯ ನಮ್ಮ ಚಿಕ್ಕಪ್ಪ ಫೋನ್ ಮಾಡಿ, “ನಾಳೆ ನಾಡಿದ್ರಲ್ಲಿ ಹೂ ಬಿಡ್ತದೆ ಕಣೋ, ಬರೋದಾದ್ರೆ ಈಗ್ಲೇ ಬಾ” ಅಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ಅದೇ ರಾತ್ರಿ ಬಸ್ಸು ಹತ್ತಿದೆ. ಬೆನ್ನಿನ ಚೀಲದಲ್ಲಿ ಡ್ರೋನ್ ಇತ್ತು. ಆ ಡ್ರೋನ್ ಕಳೆದದ್ದು ಒಂದು ಕಥೆ. ಅದನ್ನು ಹುಡುಕಲು ಹೋಗಿ ನಾನು ಮಾಡಿದ್ದು ಇನ್ನೊಂದು. ಎರಡನೆಯದನ್ನು ಹೇಳಿಕೊಳ್ಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಡ್ರೋನಿನ ತೂಕ 249 ಗ್ರಾಂ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಕೊಂಡದ್ದು. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಹೊರದೇಶದ ಸಿದ್ಧ ಡ್ರೋನ್‌ಗಳ ಆಮದು ನಿಲ್ಲಿಸಿತು. ನನ್ನದು ಅದಕ್ಕೂ ಮುಂಚಿನದು. ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಗೆ ಹೋಗಿ ತರುವಂತಿಲ್ಲ ಎಂಬ ಭಯ ಯಾವಾಗಲೂ ಇತ್ತು. ಆ ಭಯಕ್ಕೆ ಮದ್ದೆಂದು ನಾನು ಕೊಂಡದ್ದು ಬೀಗದ ಕೈಗೊಂಚಲಿಗೆ ಹಾಕುವ ಒಂದು ಬ್ಲೂಟೂತ್ ಟ್ಯಾಗ್. ಬಿಲ್ಲೆಯಷ್ಟು ದೊಡ್ಡದು, 11 ಗ್ರಾಂ ತೂಕ. ಎರಡೂ ಬದಿ ಅಂಟುವ ಟೇಪಿನಿಂದ ಡ್ರೋನಿನ ಬೆನ್ನಿಗೆ ಅಂಟಿಸಿದೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅದನ್ನು ದಾಟಿ 2 ಕಿಲೋವರೆಗಿನದು ಮೈಕ್ರೋ. ಹೊತ್ತ ಹೊರೆಯೂ ಆ ತೂಕದಲ್ಲಿ ಸೇರುತ್ತದೆ. 249ಕ್ಕೆ 11 ಕೂಡಿದರೆ 260. ನನ್ನ ಡ್ರೋನಿನ ವರ್ಗವೇ ಬದಲಾಗುತ್ತದೆ ಎಂಬ ಇಷ್ಟು ಸಣ್ಣ ಲೆಕ್ಕವನ್ನೂ ನಾನು ಮಾಡಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮನಸ್ಸಿನಲ್ಲಾಯಿತು. ಟ್ಯಾಗ್ ಅಂಟಿಸುವ ಮುಂಚೆ ಪ್ರತಿ ಸಲ ಹಾರಿಸುವಾಗಲೂ ಸುತ್ತಲ ಮರ ನೋಡುತ್ತಿದ್ದೆ, ಗುಡ್ಡ ಎಷ್ಟು ಎತ್ತರ ಎಂದು ಅಂದಾಜು ಮಾಡುತ್ತಿದ್ದೆ, ಮನೆಗೆ ಮರಳುವ ಎತ್ತರವನ್ನು ಆ ಜಾಗಕ್ಕೆ ತಕ್ಕಂತೆ ತಿದ್ದುತ್ತಿದ್ದೆ. ಟ್ಯಾಗ್ ಬಂದ ಮೇಲೆ ಅದೆಲ್ಲ ಒಂದೊಂದಾಗಿ ಬಿಟ್ಟುಹೋಯಿತು. ಬಿದ್ದರೂ ಸಿಗುತ್ತದಲ್ಲ ಎಂಬ ಧೈರ್ಯ.

ಚಿಕ್ಕಪ್ಪನ ಕಾಫಿ ಕಣ ತಗ್ಗಿನಲ್ಲಿದೆ. ಅದರ ಮೇಲೆ ಒಂದು ಬೋರೆ, ಬೋರೆಯ ಆಚೆಗೆ ಅತಿ ಹಳೆಯ ರೋಬಸ್ಟಾ ಪಟ್ಟೆ. ಬೆಳಗಿನ ಏಳು ಗಂಟೆಯ ಎಳೆಬಿಸಿಲಿಗೆ ಆಚೆಯ ಪಟ್ಟೆ ಚೆನ್ನಾಗಿ ಕಾಣುತ್ತದೆಂದು ಕಣದಿಂದ ಡ್ರೋನ್ ಎಬ್ಬಿಸಿ, ತೋಟದ ದಾರಿಯ ಗುಂಟ ಬೋರೆಯನ್ನು ಸುತ್ತಿಸಿ ಆ ಕಡೆಗೆ ಕಳಿಸಿದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು ಎಂಬುದು ಡ್ರೋನ್ ಹಿಡಿದವರ ಮೊದಲ ಪಾಠ. ಅದನ್ನು ಮೀರಿದೆ. ಹೂವಿಗೆ ಹತ್ತಿರವಿರಲಿ ಎಂದು ಕೆಳಗೇ ಹಾರಿಸುತ್ತಿದ್ದೆ. ಫೋನಿನ ಪರದೆಯ ತುಂಬ ಬಿಳಿ. ಮರುಕ್ಷಣ ಚಿತ್ರ ಒಡೆದು ಚೂರಾಯಿತು, ಆಮೇಲೆ ನಿಂತಿತು. ನಡುವೆ ಗುಡ್ಡ ಬಂದರೆ ರಿಮೋಟಿನ ಸಿಗ್ನಲ್ ದಾಟುವುದಿಲ್ಲ.

ಸಿಗ್ನಲ್ ತಪ್ಪಿದರೆ ಡ್ರೋನ್ ತಾನಾಗಿ ಹೊರಟ ಜಾಗಕ್ಕೆ ಮರಳುತ್ತದೆ. ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ಅಲ್ಲಿಂದ ನೇರ ಗೆರೆ ಎಳೆದಂತೆ ಮನೆಯತ್ತ ಬರುತ್ತದೆ. ನನ್ನದರಲ್ಲಿ ಆ ಎತ್ತರ 30 ಮೀಟರ್ ಎಂದಿತ್ತು. ಈ 30 ಮೀಟರ್ ಎಣಿಕೆಯಾಗುವುದು ಹೊರಟ ಜಾಗದಿಂದ. ಡ್ರೋನಿನ ಕೆಳಗೆ ಆ ಕ್ಷಣ ಇರುವ ನೆಲದಿಂದಲ್ಲ. ಬಯಲುಸೀಮೆಯ ಹೊಲದಲ್ಲಿ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ, ಮಲೆನಾಡಿನಲ್ಲಿ ಇದೇ ಎಲ್ಲ. ನನ್ನ ಡ್ರೋನಿಗೆ ಎದುರಿಗೇನಿದೆ ಎಂದು ನೋಡುವ ಕಣ್ಣೂ ಇರಲಿಲ್ಲ. ಹೋಗುವಾಗ ಸುತ್ತಿ ಹೋದದ್ದು, ಬರುವಾಗ ನೇರ ಬಂತು. ಇದೆಲ್ಲ ನನಗೆ ಆ ದಿನವೂ ಗೊತ್ತಿದ್ದ ಸಂಗತಿಯೇ.

ಕಾಲು ಗಂಟೆ ಆಕಾಶ ನೋಡುತ್ತ ನಿಂತೆ. ಬರಲಿಲ್ಲ. ಮೇಲಿನ ದಾರಿಗೆ ಹೋಗಬೇಕೆಂದು ಹೊರಟರೆ ತೋಟದ ರೈಟ್ರು ತಡೆದರು. ಹಿಂದಿನ ರಾತ್ರಿ ಆನೆಯ ಸಂದೇಶ ಬಂದಿತ್ತು. ಸಕಲೇಶಪುರ, ಆಲೂರು, ಬೇಲೂರು ಕಡೆ ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ತೊಡಿಸಿ, ಅವು ಎಲ್ಲಿವೆ ಎಂದು ಜನರ ಫೋನಿಗೆ ತಿಳಿಸುತ್ತದೆ. “ಒಂಬತ್ತು ಗಂಟೆ ಆಗ್ಲಿ ಸಾರ್, ಆಳು ಓಡಾಡೋಕೆ ಶುರು ಮಾಡಿದ್ಮೇಲೆ ಹೋಗಾಣ” ಅಂದರು. ಕಣದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಟ್ಯಾಗಿನ ನಕ್ಷೆ ತೆರೆದುಕೊಂಡೆ. 8 ಗಂಟೆ 40 ನಿಮಿಷಕ್ಕೆ ಚುಕ್ಕಿ ಮೂಡಿತು. ಆರು ನಿಮಿಷದ ಹಿಂದೆ ಕಂಡದ್ದು ಎಂದು ಅದರ ಕೆಳಗೆ ಬರೆದಿತ್ತು. ಚುಕ್ಕಿ ಬಿದ್ದದ್ದು ಆಳುಗಳ ಲೈನ್ ಮೇಲೆ, ಆರು ಕೋಣೆಗಳ ಸಾಲಿನಲ್ಲಿ ಕಡೆಯ ಕೋಣೆಯ ಮೇಲೆ.

ಅಲ್ಲಿದ್ದವರು ಅಸ್ಸಾಮಿನಿಂದ ಬಂದ ಗಂಡ, ಹೆಂಡತಿ, ಮೂರು ವರ್ಷದ ಮಗು. ಎರಡು ಕೊಯ್ಲು ನಮ್ಮ ತೋಟದಲ್ಲೇ ಮಾಡಿದ್ದರು.

ರೈಟ್ರು ಚುಕ್ಕಿ ನೋಡಿ, “ಅವ್ರು ಅಂಥೋರಲ್ಲ ಸಾರ್” ಅಂದರು. ನಾನು ಪರದೆಯನ್ನು ಬೆರಳಿನಿಂದ ಹಿಗ್ಗಿಸಿ, ಕಡೆಯ ಕೋಣೆಯ ಹೆಂಚನ್ನೇ ತೋರಿಸಿ, “ಇಲ್ಲೇ ತೋರಿಸ್ತಿದೆಯಲ್ಲ” ಎಂದೆ. ಅವರು ಇಪ್ಪತ್ತು ವರ್ಷದಿಂದ ಜನರ ಹಾಜರಿ ಹಾಕಿದವರು, ಒಬ್ಬೊಬ್ಬರ ಮುಖ ನೋಡಿ ಜ್ವರ ಬಂದಿದೆಯೋ ಜಗಳವಾಗಿದೆಯೋ ಹೇಳಬಲ್ಲವರು. ನಕ್ಷೆಯ ಮುಂದೆ ಅವರ ಆ ತಿಳಿವಳಿಕೆಗೆ ನಾನು ಬೆಲೆ ಕೊಡಲಿಲ್ಲ. ಚಿಕ್ಕಪ್ಪ ಪೇಟೆಗೆ ಹೋಗಿದ್ದರು. ಅವರು ಬರುವವರೆಗೆ ಕಾಯಬೇಕೆಂದು ನನಗೆ ಅನ್ನಿಸಲಿಲ್ಲ.

ಲೈನಿನ ಮುಂದೆ ನಿಂತು ಅರ್ಧಂಬರ್ಧ ಹಿಂದಿಯಲ್ಲಿ, ಕೋಣೆ ನೋಡಬೇಕು ಎಂದೆ. ಆತ ಏಕೆ ಎಂದು ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಆಕೆ ಒಳಗಿದ್ದ ಒಂದೊಂದು ಸಾಮಾನನ್ನೂ ತಾನೇ ತಂದು ಜಗಲಿಯ ಮೇಲೆ ಇಟ್ಟಳು. ಅಕ್ಕಿಯ ಡಬ್ಬಿ, ಎರಡು ಪಾತ್ರೆ, ಹಾಸಿಗೆಯ ಸುರುಳಿ, ಮಗುವಿನ ಬಟ್ಟೆಯ ಗಂಟು. ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದು, ನನ್ನ ಕಡೆ ನೋಡದೆ, ಅದರೊಳಗೆ ಮೊಣಕೈವರೆಗೆ ಕೈ ಹಾಕಿ ತೋರಿಸಿದಳು. ನಾನು ಬೇಡ ಎನ್ನಲಿಲ್ಲ. ಉಳಿದ ಐದು ಕೋಣೆಗಳವರು ಕೆಲಸಕ್ಕೆ ಹೊರಟಿದ್ದವರು ನಿಂತು ನೋಡುತ್ತಿದ್ದರು.

ಏನೂ ಸಿಗಲಿಲ್ಲ. ಟ್ಯಾಗಿಗೆ ಸದ್ದು ಮಾಡುವಂತೆ ಫೋನಿನಿಂದ ಹೇಳಿ ನೋಡಿದೆ. ಸಂಪರ್ಕ ಸಿಗುತ್ತಿಲ್ಲ ಎಂದಿತು. ಟ್ಯಾಗ್ ಅಲ್ಲಿ ಇಲ್ಲ ಎಂಬುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷಿ ಬೇಕಿರಲಿಲ್ಲ. ನಾನು ಅದನ್ನು ತಿರುಚಿ ಓದಿದೆ: ಇವರು ಟ್ಯಾಗ್ ಕಿತ್ತು ಬ್ಯಾಟರಿ ತೆಗೆದಿದ್ದಾರೆ ಎಂದುಕೊಂಡೆ. ರೈಟ್ರ ಹತ್ತಿರ ಹಾಗೆಂದು ಗಟ್ಟಿಯಾಗಿ ಹೇಳಿಯೂಬಿಟ್ಟೆ. ಒಮ್ಮೆ ಅನುಮಾನ ಬಂದ ಮೇಲೆ ಸಿಕ್ಕಿದ್ದೂ ಸಾಕ್ಷಿಯಾಗುತ್ತದೆ, ಸಿಗದಿದ್ದದ್ದೂ ಸಾಕ್ಷಿಯಾಗುತ್ತದೆ. ಇದನ್ನು ನಾನು ಬೇರೆಯವರಲ್ಲಿ ನೋಡಿದ್ದೆ, ನನ್ನೊಳಗೆ ಇದೆ ಎಂದು ತಿಳಿದಿರಲಿಲ್ಲ.

ಬೋರೆಯ ಮೇಲಿನ ದಾರಿಗೆ ಆ ದಿನ ನಾನು ಹೋಗಲೇ ಇಲ್ಲ. ಆನೆ ದಾಟಿದ ಮೇಲೂ ಹೋಗಲಿಲ್ಲ. ಚುಕ್ಕಿ ಕೆಳಗಿರುವಾಗ ಮೇಲೇಕೆ ಹುಡುಕಲಿ? ಸಂಜೆ ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, “ನನಗೊಂದು ಫೋನ್ ಮಾಡ್ಬೋದಿತ್ತು” ಅಂದರು. ಅಷ್ಟೇ. ಮೂರನೆಯ ದಿನ, ನಾನು ಬೆಂಗಳೂರಿಗೆ ಮರಳಿದ ಮೇಲೆ, ಆ ಕುಟುಂಬ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಯಿತು. ಮೆಣಸಿನ ಕೊಯ್ಲು ಅರ್ಧಕ್ಕೆ ನಿಂತಿತ್ತು. ಏಣಿ ಹತ್ತುವ ಆಳು ಸಿಗದೆ ಚಿಕ್ಕಪ್ಪ ಹದಿನೈದು ದಿನ ಒದ್ದಾಡಿದರಂತೆ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಚುಕ್ಕಿ ಮತ್ತೆ ಮೂಡಿತು. ಈ ಸಲ ಲೈನಿನಿಂದ ನೂರು ಮೀಟರ್ ಆಚೆ, ಕೆರೆಯ ಏರಿಯ ಹತ್ತಿರ. ಹೋಗುವಾಗ ಅಲ್ಲಿ ಎಸೆದು ಹೋಗಿದ್ದಾರೆ ಎಂದು ಲೆಕ್ಕ ಹಾಕಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಏರಿಯ ಪೊದೆಯನ್ನೂ ಹುಡುಕಿಸಿದೆ. ವಸ್ತು ಅಲುಗಿರಲೇ ಇಲ್ಲ. ಈ ಸಲ ಟ್ಯಾಗನ್ನು ಕೇಳಿಸಿಕೊಂಡ ಫೋನ್ ಬೇರೆಯದು, ಅಷ್ಟೇ; ಅದು ಹೇಗೆಂದು ನನಗೆ ತಿಳಿದದ್ದು ಆಮೇಲೆ.

ಮೇ ತಿಂಗಳಲ್ಲಿ ಮರಗಸಿ ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಹಗ್ಗ ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಮರದ ತುದಿಗೆ ಹೋಗುವವರು ಮಾತ್ರ ಮರದ ಒಳಗನ್ನು ಬಲ್ಲವರು. ಚಿಕ್ಕಪ್ಪನ ಫೋನ್ ಬಂತು. “ನಿನ್ನ ಡ್ರೋನ್ ಸಿಕ್ತು. ಬೋರೆ ಮೇಲಿನ ಗೋಣಿ ಮರದಲ್ಲಿತ್ತು.” ಮುಂದೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಆ ರಾತ್ರಿ ಹಾರಾಟದ ದಾಖಲೆ ತೆರೆದೆ. ಅದು ಮಾರ್ಚ್‌ನಿಂದಲೂ ನನ್ನ ಫೋನಿನಲ್ಲೇ ಇತ್ತು. ಸಿಗ್ನಲ್ ತಪ್ಪಿದ ಕಡೆಯ ಜಾಗದ ಅಕ್ಷಾಂಶ, ರೇಖಾಂಶ ಅಲ್ಲಿತ್ತು: ಕಣದಿಂದ 610 ಮೀಟರ್ ದೂರ, ಕಣಕ್ಕಿಂತ 22 ಮೀಟರ್ ಎತ್ತರ. ಆ ಬಿಂದುವಿನಿಂದ ಕಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದೆ. ಕಣ ಸಮುದ್ರಮಟ್ಟದಿಂದ 948 ಮೀಟರ್. ಮರಳುವ ಎತ್ತರ 30 ಕೂಡಿದರೆ ಡ್ರೋನ್ ಬಂದದ್ದು 978ರಲ್ಲಿ. ಗೆರೆ ಬೋರೆಯನ್ನು ದಾಟುವ ಕಡೆ ನೆಲ 962. ಅಂದರೆ ಅಲ್ಲಿ ಡ್ರೋನ್ ನೆಲದಿಂದ ಬರೀ 16 ಮೀಟರ್ ಮೇಲಿತ್ತು. ಅಲ್ಲಿರುವ ಗೋಣಿ ಮರ 25 ಮೀಟರ್‌ಗೆ ಕಡಿಮೆಯಿಲ್ಲ. ಮರಗಸಿಯವರು ಡ್ರೋನ್ ತೆಗೆದದ್ದು ಐವತ್ತು ಅಡಿ ಮೇಲಿನ ಕವಲಿನಿಂದ, ಮೆಣಸಿನ ಬಳ್ಳಿಯ ಹೊದಿಕೆಯೊಳಗಿಂದ. ಲೆಕ್ಕಕ್ಕೂ ಮರಕ್ಕೂ ಮೂರು ಅಡಿಯ ವ್ಯತ್ಯಾಸವಿರಲಿಲ್ಲ. ಹತ್ತು ನಿಮಿಷದ ಕೆಲಸ. ಕಣದ ಕಟ್ಟೆಯ ಮೇಲೆ ಚುಕ್ಕಿಗಾಗಿ ಕಾಯುತ್ತ ಕೂತ ಹೊತ್ತಿನಲ್ಲಿ ಇದನ್ನು ಮಾಡಿ ಮುಗಿಸಬಹುದಿತ್ತು.

ಹಾಗಾದರೆ ಚುಕ್ಕಿ ಲೈನ್ ಮೇಲೆ ಏಕೆ ಬಿತ್ತು? ಟ್ಯಾಗ್ ಕೊಳ್ಳುವ ಮುಂಚೆ ಓದಬೇಕಾದ್ದನ್ನು ಆಮೇಲೆ ಓದಿದೆ. ಆ ಟ್ಯಾಗಿನೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ತಾನೆಲ್ಲಿದ್ದೇನೆಂದು ಅದಕ್ಕೇ ಗೊತ್ತಿಲ್ಲ. ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿಯ ಬಲದಲ್ಲಿ, ಇಲ್ಲಿದ್ದೇನೆ ಎಂದು ಬ್ಲೂಟೂತ್‌ನಲ್ಲಿ ಆಗಾಗ ಸಣ್ಣಗೆ ಕೂಗುತ್ತದೆ. ಹತ್ತಾರು ಮೀಟರ್ ಆಸುಪಾಸಿನಲ್ಲಿ ಟ್ಯಾಗ್ ಸೇರಿದ ಜಾಲದ್ದೇ ಫೋನೊಂದು ಹಾದುಹೋದರೆ ಅದು ಈ ಕೂಗನ್ನು ಕೇಳಿಸಿಕೊಂಡು, ತಾನು ಇರುವ ಜಾಗವನ್ನು ಗುಟ್ಟಿನ ಲಿಪಿಯಲ್ಲಿ ಸರ್ವರಿಗೆ ಕಳಿಸುತ್ತದೆ. ನಮಗೆ ಕಾಣುವ ಚುಕ್ಕಿ ಆ ಫೋನಿನದು, ನಮ್ಮ ವಸ್ತುವಿನದಲ್ಲ. ಆ ಫೋನಿಗೆ ಮರದ ದಟ್ಟಣೆಯಲ್ಲಿ, ಗುಡ್ಡದ ಮರೆಯಲ್ಲಿ ತನ್ನ ಜಾಗವೇ ಸರಿಯಾಗಿ ತಿಳಿಯದಿದ್ದರೆ ಚುಕ್ಕಿ ನೂರು, ನೂರೈವತ್ತು ಮೀಟರ್ ಸರಿದು ಬೀಳಬಹುದು. ಗೋಣಿ ಮರದಿಂದ ನಲವತ್ತು ಮೀಟರ್ ಕೆಳಗೆ ಪಕ್ಕದ ಹೋಂಸ್ಟೇಗೆ ಹೋಗುವ ದಾರಿ. ನಮ್ಮ ಲೈನಿನಲ್ಲಿ ಆ ಜಾಲದ ಫೋನ್ ಒಬ್ಬರ ಹತ್ತಿರವೂ ಇರಲಿಲ್ಲ; ಹೋಂಸ್ಟೇಗೆ ಬರುವ ಪ್ರವಾಸಿಗರ ಹತ್ತಿರ ಇರುತ್ತದೆ. ಆ ಬೆಳಿಗ್ಗೆ ಯಾರದೋ ಕಾರು ಹಾದುಹೋಗಿದೆ. ಒಳಗೆ ಕೂತವರಿಗೆ ತಮ್ಮ ಫೋನ್ ಏನನ್ನೋ ಕೇಳಿಸಿಕೊಂಡಿತೆಂದು ಗೊತ್ತೂ ಆಗಿರುವುದಿಲ್ಲ.

ಆಂಡ್ರಾಯ್ಡ್ ಫೋನ್‌ಗಳ ಇಂಥದೇ ಜಾಲ 2024ರಲ್ಲಿ ಶುರುವಾಯಿತು. ಅದರಲ್ಲಿ ಮೊದಲಿನಿಂದಲೇ ಒಂದು ಕಟ್ಟುಪಾಡಿದೆ. ನಾವು ಬದಲಿಸದ ಹೊರತು, ಹಲವು ಫೋನ್‌ಗಳು ಒಂದೇ ಟ್ಯಾಗನ್ನು ಕೇಳಿದ ಮೇಲೆಯೇ ಜಾಗ ತೋರಿಸುತ್ತದೆ. ಒಂಟಿ ಫೋನಿನ ಸುಳಿವಿನಿಂದ ಯಾರದೋ ಮನೆ ಬಯಲಾಗಬಾರದು ಎಂಬ ಎಚ್ಚರಿಕೆ ಅದರ ಹಿಂದಿದೆ. ಓಡಾಟವಿಲ್ಲದ ತೋಟದಲ್ಲಿ ಅದರಿಂದ ಡ್ರೋನ್ ಸಿಗುವುದು ಕಷ್ಟ. ಆದರೂ ಆ ಎಚ್ಚರಿಕೆ ಸರಿ ಎಂದು ಈಗ ನಾನು ಒಪ್ಪುತ್ತೇನೆ.

ಆನೆಯ ಕಾಲರ್ ಬೇರೆ ಜಾತಿಯದು. ಅದರೊಳಗಿನ ಜಿಪಿಎಸ್ ತನ್ನ ಜಾಗವನ್ನು ತಾನೇ ಉಪಗ್ರಹಗಳಿಂದ ತಿಳಿದುಕೊಂಡು ಕಳಿಸುತ್ತದೆ. ಅದಕ್ಕೂ ಹಿಂದೆ, 1990ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ ಅಧ್ಯಯನ ಮಾಡಿದರು. ಆ ಬಗೆಯ ಹುಡುಕಾಟದಲ್ಲಿ ಕೈಯಲ್ಲಿ ಆಂಟೆನಾ ಹಿಡಿದು, ಸಿಗ್ನಲ್ ಯಾವ ದಿಕ್ಕಿನಿಂದ ಗಟ್ಟಿಯಾಗಿ ಕೇಳುತ್ತದೆ ಎಂದು ಒಂದು ಜಾಗದಿಂದ ನೋಡಿ, ಇನ್ನೊಂದು ಜಾಗಕ್ಕೆ ಹೋಗಿ ಮತ್ತೆ ನೋಡಿ, ಎರಡು ಗೆರೆ ಸೇರುವಲ್ಲಿ ಪ್ರಾಣಿ ಇದೆ ಎಂದು ತಿಳಿಯುತ್ತಾರೆ. ಹುಡುಕುವವನ ಕಿವಿಗೆ ನೇರವಾಗಿ ಕೇಳುವ ಸದ್ದು ಅದು, ನಡುವೆ ಹಾದಿಹೋಕರಿಲ್ಲ.

ಡ್ರೋನಿಗೆ ಹಾಕುವ ಸಾಧನಗಳನ್ನೂ ಹೀಗೆಯೇ ನೋಡಬೇಕು: ಜಾಗ ತಿಳಿಯುವುದು ಯಾರಿಂದ, ಸುದ್ದಿ ತರುವುದು ಯಾರು? ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ತನ್ನ ಜಾಗವನ್ನು ತಾನೇ ಬಲ್ಲದು, ಆದರೆ ಟವರ್ ಸಿಗದ ಕಣಿವೆಯಲ್ಲಿ ಮೂಕ. ತೂಕವೂ ಸಣ್ಣ ಡ್ರೋನಿಗೆ ಹೆಚ್ಚು. ನಗರದ ಅಪಾರ್ಟ್‌ಮೆಂಟ್‌ಗಳ ನಡುವೆ ಬಿದ್ದ ಡ್ರೋನಿಗೆ ಬ್ಲೂಟೂತ್ ಟ್ಯಾಗ್ ನಿಜಕ್ಕೂ ಒಳ್ಳೆಯದು, ಅಲ್ಲಿ ಪ್ರತಿ ಮನೆಯಲ್ಲೂ ಕೇಳುವ ಕಿವಿಗಳಿವೆ. ತೋಟ, ಕಾಡು, ಕಬ್ಬಿನ ಗದ್ದೆಗೆ ನಾನು ಈಗ ನೆಚ್ಚುವುದು ಐದಾರು ಗ್ರಾಂ ತೂಗುವ ಒಂದು ಬಜ಼ರ್. ಅದಕ್ಕೆ ತನ್ನದೇ ಪುಟ್ಟ ಬ್ಯಾಟರಿ ಇರುತ್ತದೆ. ಬಿದ್ದ ಹೊಡೆತಕ್ಕೆ ಡ್ರೋನಿನ ಬ್ಯಾಟರಿ ಕಳಚಿಹೋದರೂ ಅದು ಕಿರುಚುತ್ತಲೇ ಇರುತ್ತದೆ. ಬೆಳಗಿನ ತೋಟದ ನಿಶ್ಶಬ್ದದಲ್ಲಿ ಅಂಥ ಸದ್ದು ದೂರಕ್ಕೂ ಕೇಳಬಹುದು. ತೂಕದ ಲೆಕ್ಕ ಇದಕ್ಕೂ ಇದೆ. ಮೊದಲು ತಕ್ಕಡಿಗೆ ಹಾಕಿ.

ಸಾಧನ ಯಾವುದೇ ಇರಲಿ, ಡ್ರೋನ್ ಕಣ್ಮರೆಯಾದ ಕೂಡಲೇ ರಿಮೋಟ್ ಆರಿಸಬೇಡಿ. ಕಡೆಯ ಜಾಗದ ಅಂಕಿಗಳನ್ನು ಚಿತ್ರ ತೆಗೆದಿಟ್ಟುಕೊಳ್ಳಿ. ಬಿದ್ದ ಮೇಲೂ ಡ್ರೋನಿನ ಬ್ಯಾಟರಿ ಸ್ವಲ್ಪ ಹೊತ್ತು ಜೀವ ಹಿಡಿದಿರಬಹುದು. ಎತ್ತರದ ಜಾಗಕ್ಕೆ ರಿಮೋಟ್ ಒಯ್ದರೆ ಮತ್ತೆ ಸಂಪರ್ಕ ಸಿಕ್ಕಿ, ಡ್ರೋನಿನ ದೀಪ ಮಿನುಗಿಸಿ ಸದ್ದು ಮಾಡಿಸಬಹುದು. ಕಡೆಯ ಬಿಂದುವಿನಿಂದ ಮನೆಗೆ ಗೆರೆ ಎಳೆಯಿರಿ, ಆ ಗೆರೆಯ ಮೇಲೆ ನಡೆಯಿರಿ, ನಡೆಯುವಾಗ ನೆಲಕ್ಕಿಂತ ಹೆಚ್ಚು ಮೇಲೆ ನೋಡಿ. ಆಮೇಲೆ ಬೇಕಾದರೆ ಚುಕ್ಕಿ ನೋಡಿ. ಅದು ಯಾರದಾದರೂ ಮನೆಯ ಮೇಲೆ ಬಿದ್ದಿದ್ದರೆ ದಯವಿಟ್ಟು ಆ ಬಾಗಿಲಿಗೆ ಹೋಗಬೇಡಿ.

ಜೂನ್‌ನಲ್ಲಿ ತೋಟದ ಮೇಸ್ತ್ರಿಯ ಹತ್ತಿರ ಅಸ್ಸಾಮಿನ ಆ ಕೆಲಸಗಾರನ ನಂಬರ್ ಪಡೆದು ಫೋನ್ ಮಾಡಿದೆ. ಡ್ರೋನ್ ಮರದಲ್ಲಿತ್ತು, ತಪ್ಪು ನನ್ನದು, ಕ್ಷಮಿಸಿ ಎಂದು ಮೊದಲೇ ಬರೆದಿಟ್ಟುಕೊಂಡ ಹಿಂದಿಯಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಆತ ಒಂದೇ ಒಂದು ಮಾತು ಕೇಳಿದ: “ಇದನ್ನು ಲೈನಿನವರಿಗೆ ಹೇಳಿದ್ದೀರಾ?”

ಹೇಳಿರಲಿಲ್ಲ. ಕ್ಷಮೆ ಕೇಳಬೇಕಾದ್ದು ಎಲ್ಲಿ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆ ಶನಿವಾರ ತೋಟಕ್ಕೆ ಹೋಗಿ, ಬೆಳಿಗ್ಗೆ ಎಂಟಕ್ಕೆ ಕಣದಲ್ಲಿ ಹಾಜರಿಗೆ ನಿಂತ ಎಲ್ಲರ ಮುಂದೆ ಹೇಳಿದೆ. ಡ್ರೋನ್ ಸಿಕ್ಕಿದ ಮರವನ್ನು ಅವರೆಲ್ಲ ಆಗಲೇ ಬಲ್ಲರು. ಹಿರಿಯ ಹೆಂಗಸೊಬ್ಬರು, “ಅವ್ರು ಕದ್ದಿಲ್ಲ ಅಂತ ನಮಗೆ ಅವತ್ತೇ ಗೊತ್ತಿತ್ತು ಸಾರ್” ಅಂದು ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊರಟರು. ಆ ಮಾತನ್ನೂ ಆತನಿಗೆ ಫೋನ್ ಮಾಡಿ ತಿಳಿಸಿದೆ.

ಅವರು ಈಗ ಕೊಡಗಿನ ಒಂದು ತೋಟದಲ್ಲಿದ್ದಾರೆ. ಈ ಸಲ ಮೆಣಸು ಕೊಯ್ಯಲು ಬನ್ನಿ ಎಂದು ಚಿಕ್ಕಪ್ಪನೇ ಕರೆದರು. ಬಂದಿಲ್ಲ.